ದೂರದ ಡೆವಲಪರ್‌ಗಳನ್ನು ಸೇರಿಸಿಕೊಂಡೆವು: ಖರ್ಚು ಎಲ್ಲಿ ಹೋಯಿತು, ಲಾಭ ಎಲ್ಲಿ ಬಂತು

2023ರ ಮೇ ತಿಂಗಳಲ್ಲಿ ಸರ್ಕಾರದ ಅಧಿಸೂಚನೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವ ವ್ಯಾಪಾರಿಗಳಿಗೆ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅಂದರೆ ಇನ್ನೊಬ್ಬ ವ್ಯಾಪಾರಿಗೆ ಕೊಡುವ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕೂ ಮೊದಲು ಈ ಮಿತಿ 10 ಕೋಟಿ ಇತ್ತು. 2020ರ ಅಕ್ಟೋಬರಿನಲ್ಲಿ ಶುರುವಾದಾಗ 500 ಕೋಟಿ. ಮಿತಿ ಇಳಿದ ಹಾಗೆಲ್ಲ ನಮ್ಮ ಫೋನ್ ಹೆಚ್ಚು ರಿಂಗ್ ಆಗುತ್ತಿತ್ತು. ಏಕೆಂದರೆ ನಾವು ಮಾಡುವುದೇ ಸಗಟು ವ್ಯಾಪಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. 5 ಕೋಟಿ ಅಂದರೆ ನಮ್ಮ ಗ್ರಾಹಕರಲ್ಲಿ ಬಹುಪಾಲು ಜನ ಒಂದೇ ಸಲ ಬಾಗಿಲಿಗೆ ಬಂದ ಹಾಗೆ.

ಕೈಯಲ್ಲಿ ಇದ್ದದ್ದು ಮೂರು ತಿಂಗಳಿಗಿಂತ ಕಡಿಮೆ. ಆಗ ನಾವು ಬೆಂಗಳೂರಿನ ಬಾಡಿಗೆ ಆಫೀಸಿನಲ್ಲಿ 14 ಮಂದಿ. ಅದರಲ್ಲಿ ಕೋಡ್ ಬರೆಯುವವರು ಅರ್ಧಕ್ಕೂ ಕಡಿಮೆ.

ಬೆಂಗಳೂರಿನಲ್ಲಿ ಜನ ಹುಡುಕಿದರೆ ಏನಾಗುತ್ತದೆ ಎಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ದೊಡ್ಡ ಕಂಪನಿಯಲ್ಲಿರುವವರ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಲ್ಲಿ ದುಡಿಯಬೇಕಾದ ಅವಧಿ, ಸಾಮಾನ್ಯವಾಗಿ 90 ದಿನ. ಮೇ ಕೊನೆಯಲ್ಲಿ ಆಫರ್ ಲೆಟರ್ ಕೊಟ್ಟರೆ ಆಗಸ್ಟ್ ಕೊನೆಗೆ ಬರುತ್ತಾರೆ. ಅಷ್ಟರಲ್ಲಿ ನಮ್ಮ ಆಫರ್ ತೋರಿಸಿ ಇನ್ನೊಂದು ಕಡೆ ಜಾಸ್ತಿ ಸಂಬಳ ಕೇಳಿರುತ್ತಾರೆ. ಸೇರುವ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್. ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿ ಮೂಲಕ ಹೋದರೆ ಅವರಿಗೆ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ ಫೀಸು. ಇದರಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ಈ ಊರಿನ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು ಕಟ್ಟುವವರು ಸಂಬಳ ನೋಡದೆ ಇರಲು ಆಗುವುದಿಲ್ಲ. ಆದರೆ ನಮ್ಮಂಥ ಸಣ್ಣ ಕಂಪನಿಗೆ ಆ ಪೈಪೋಟಿ ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಹಾಗಾಗಿ ದೂರದಲ್ಲೇ ಇದ್ದು ಕೆಲಸ ಮಾಡುವವರನ್ನು ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದೆವು. ಆಫೀಸಿನಲ್ಲಿ ಕೆಲವರು, 'ಲಾಕ್‌ಡೌನ್‌ನಲ್ಲಿ ಮಾಡಿದ್ದೇ ಅಲ್ವಾ, ಏನು ದೊಡ್ಡ ವಿಷಯ' ಅಂದರು. ಅದು ಬೇರೆ, ಇದು ಬೇರೆ. 2020ರ ಮಾರ್ಚಿನಲ್ಲಿ ಮನೆಗೆ ಹೋದವರು ಅದಕ್ಕೂ ಮೊದಲು ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕೂತವರು. ಯಾರಿಗೆ ಏನು ಗೊತ್ತು, ಯಾರನ್ನು ಏನು ಕೇಳಬೇಕು ಎಂಬುದು ಅವರ ತಲೆಯಲ್ಲೇ ಇತ್ತು. ಹೊಸಬರಿಗೆ ಅದು ಯಾವುದೂ ಇರುವುದಿಲ್ಲ. ಈ ವ್ಯತ್ಯಾಸವೇ ಮುಂದೆ ನಮ್ಮ ಖರ್ಚಿನ ದೊಡ್ಡ ಭಾಗವಾಯಿತು.

ಜಾಹೀರಾತಿನಲ್ಲಿ ಎರಡು ವಿಷಯ ಸ್ಪಷ್ಟವಾಗಿ ಬರೆದೆವು. ಊರು ಯಾವುದಾದರೂ ಸರಿ. ಮೂವತ್ತು ದಿನದೊಳಗೆ ಸೇರುವಂತಿರಬೇಕು. ಬಂದ ಅರ್ಜಿಗಳನ್ನು ನೋಡಿ ನಮಗೆ ಆಶ್ಚರ್ಯವಾಯಿತು. ಬೆಂಗಳೂರಿನಲ್ಲಿ ಐದಾರು ವರ್ಷ ದುಡಿದು, ತಂದೆ ತಾಯಿಗೆ ವಯಸ್ಸಾಯಿತೆಂದು ಊರಿಗೆ ವಾಪಸ್ ಹೋದವರು ಎಷ್ಟೋ ಜನ. ಮಗು ಆದ ಮೇಲೆ ಕೆಲಸ ಬಿಟ್ಟ ಮಹಿಳೆಯರು ಇನ್ನೂ ಜಾಸ್ತಿ. ಇವರಿಗೆ ನೋಟಿಸ್ ಪೀರಿಯಡ್ ತೊಂದರೆಯೇ ಇಲ್ಲ. ಕೆಲಸ ಚೆನ್ನಾಗಿ ಗೊತ್ತಿದೆ. ಬೆಂಗಳೂರಿಗೆ ಬನ್ನಿ ಎಂದು ನಾವು ಹಠ ಹಿಡಿದಿದ್ದರೆ ಇವರ ಹೆಸರು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಇಂಟರ್‌ವ್ಯೂ ಮಾತ್ರ ಕಷ್ಟದ ಕೆಲಸ. ಆನ್‌ಲೈನ್ ಪರೀಕ್ಷೆಯ ಅಂಕ ನಂಬಲು ಆಗುವುದಿಲ್ಲ. ಒಬ್ಬ ಅಭ್ಯರ್ಥಿಯ ತುಟಿ ಒಂದು ಹೇಳುತ್ತಿತ್ತು, ಕೇಳುವ ಮಾತು ಇನ್ನೊಂದು. ಪಕ್ಕದಲ್ಲಿ ಬೇರೆ ಯಾರೋ ಕೂತು ಉತ್ತರ ಕೊಡುತ್ತಿದ್ದರು. ಇದು ನಮ್ಮ ಕಡೆ ಹೊಸದಲ್ಲ, ಹಣ ತೆಗೆದುಕೊಂಡು ಬೇರೆಯವರ ಪರವಾಗಿ ಇಂಟರ್‌ವ್ಯೂ ಕೊಡುವವರೂ ಇದ್ದಾರೆ. ಅದರಿಂದ ನಾವು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದೆವು. ನಮ್ಮ ಹಳೆಯ ಕೋಡಿನ ಒಂದು ತುಂಡು ಕೊಟ್ಟು, ಸ್ಕ್ರೀನ್ ಶೇರ್ ಮಾಡಿ ಓದಿ, ಇದು ಏನು ಮಾಡುತ್ತಿದೆ ಹೇಳಿ ಎನ್ನುತ್ತಿದ್ದೆವು. ಬಾಯಿಪಾಠ ಮಾಡಿದವರು ಇಲ್ಲಿ ನಿಲ್ಲುವುದಿಲ್ಲ. ಕೊನೆಯ ಸುತ್ತಿಗೆ ಬಂದವರಿಗೆ ಎರಡು ದಿನದ ಸಣ್ಣ ಕೆಲಸ ಕೊಟ್ಟೆವು, ಅದಕ್ಕೆ ದುಡ್ಡನ್ನೂ ಕೊಟ್ಟೆವು. ಪರೀಕ್ಷೆ ಎಂದು ಹೇಳಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ಸರಿಯಲ್ಲ. ಆ ಎರಡು ದಿನದಲ್ಲಿ ನಾವು ನೋಡಿದ್ದು ಕೋಡ್ ಒಂದನ್ನೇ ಅಲ್ಲ. ಎಲ್ಲಿ ಸಿಕ್ಕಿಬಿದ್ದರು, ಸಿಕ್ಕಿಬಿದ್ದಾಗ ಕೇಳಿದರಾ, ಕೇಳಿದ್ದನ್ನು ನಮಗೆ ಅರ್ಥವಾಗುವ ಹಾಗೆ ಬರೆದರಾ. ದೂರ ಇದ್ದು ಕೆಲಸ ಮಾಡುವವರಿಗೆ ಇದು ಬರದಿದ್ದರೆ ಎಷ್ಟು ಜಾಣರಾದರೂ ಪ್ರಯೋಜನವಿಲ್ಲ.

ಶಿರಸಿ ಹತ್ತಿರದ ಹಳ್ಳಿಯ ಒಬ್ಬ ಯುವಕ ಮತ್ತು ದಾವಣಗೆರೆಯ ಒಬ್ಬ ಮಹಿಳೆ ನೌಕರರಾಗಿ ಸೇರಿದರು. ಬಿಲ್ಲಿನ ಕ್ಯೂಆರ್ ಕೋಡ್ ಮತ್ತು ಪ್ರಿಂಟ್ ಭಾಗಕ್ಕೆ ಕೊಚ್ಚಿಯ ಒಬ್ಬರು ಫ್ರೀಲ್ಯಾನ್ಸರ್ ಆಗಿ, ಅಂದರೆ ನೌಕರರಾಗದೆ ಆ ಕೆಲಸಕ್ಕೆ ಮಾತ್ರ ಬಂದರು. ಈ ಎರಡು ಬಗೆಯ ನೇಮಕದ ನಡುವೆ ಇರುವ ವ್ಯತ್ಯಾಸ ಸಂಬಳ ಕೊಡುವ ರೀತಿಯಲ್ಲಿ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ವಕೀಲರು ಕೂರಿಸಿಕೊಂಡು ಬಿಡಿಸಿ ಹೇಳಿದರು. 1957ರ ಕಾಪಿರೈಟ್ ಕಾಯ್ದೆಯ ಕಲಂ 17ರ ಪ್ರಕಾರ, ನೌಕರರು ಕೆಲಸದ ಭಾಗವಾಗಿ ಬರೆದ ಕೋಡಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಕಂಪನಿಯೇ ಮೊದಲ ಮಾಲೀಕ. ಫ್ರೀಲ್ಯಾನ್ಸರ್ ಬರೆದದ್ದು ಹಾಗಲ್ಲ. ಅದು ಅವರದೇ, ಅವರು ಬರವಣಿಗೆಯಲ್ಲಿ ನಮಗೆ ವರ್ಗಾಯಿಸಬೇಕು. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಲಂ 19ರ ಪ್ರಕಾರ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಪೂರ್ತಿ ದುಡ್ಡು ಕೊಟ್ಟು ಬರೆಸಿದ ಕೋಡು ಆರನೇ ವರ್ಷ ನಮ್ಮದಲ್ಲದೆ ಹೋಗಬಹುದು. ಇಂಟರ್‌ನೆಟ್‌ನಿಂದ ತೆಗೆದ ಒಪ್ಪಂದದ ನಮೂನೆಗೆ ಸಹಿ ಹಾಕಿಸಿ ಸುಮ್ಮನಾಗುವ ಗೆಳೆಯರಿಗೆ ನಾನು ಇದನ್ನು ಸಿಕ್ಕಾಗಲೆಲ್ಲ ಹೇಳುತ್ತೇನೆ. ವಕೀಲರ ಫೀಸು ಒಂದು ಲ್ಯಾಪ್‌ಟಾಪಿನ ಬೆಲೆಗಿಂತ ಕಡಿಮೆ.

ತೆರಿಗೆ, ಪಿಎಫ್ ವಿಷಯ ಅಷ್ಟೇನೂ ತಲೆನೋವಲ್ಲ, ಆದರೆ ಮೊದಲೇ ತಿಳಿದಿರಬೇಕು. ಕಂಪನಿಯಲ್ಲಿ 20 ಜನ ಆದ ಕೂಡಲೇ ಪಿಎಫ್ ಕಡ್ಡಾಯ. ಆ 20ರಲ್ಲಿ ಮನೆಯಿಂದ ಕೆಲಸ ಮಾಡುವ ನೌಕರರೂ ಸೇರುತ್ತಾರೆ. ಕಂಪನಿಯ ಪಾಲು ಶೇ. 12, ಮೇಲೆ ವಿಮೆ ಮತ್ತು ಆಡಳಿತ ವೆಚ್ಚ ಸೇರಿ ಸುಮಾರು ಶೇ. 13 ಆಗುತ್ತದೆ. ಶಿರಸಿಯವರಿಗೂ ದಾವಣಗೆರೆಯವರಿಗೂ ವೃತ್ತಿ ತೆರಿಗೆ ನಮ್ಮ ಕರ್ನಾಟಕದ ನೋಂದಣಿಯಲ್ಲೇ ಮುಗಿಯುತ್ತದೆ. ಆಮೇಲೆ ಕೊಯಮತ್ತೂರಿನಿಂದ ಒಬ್ಬರನ್ನು ತೆಗೆದುಕೊಂಡಾಗ ಅಲ್ಲಿಯ ಸ್ಥಳೀಯ ಸಂಸ್ಥೆಗೆ ಆರು ತಿಂಗಳಿಗೊಮ್ಮೆ ಕಟ್ಟುವ ಕ್ರಮ ಇದೆ ಎಂದು ಆಡಿಟರ್ ಹೇಳಿದರು. ಸಂವಿಧಾನದ ಪ್ರಕಾರ ಈ ತೆರಿಗೆ ಯಾವ ರಾಜ್ಯದಲ್ಲೂ ವರ್ಷಕ್ಕೆ 2,500 ರೂಪಾಯಿ ದಾಟುವ ಹಾಗಿಲ್ಲ. ಹಾಗಾಗಿ ಮೊತ್ತ ಸಣ್ಣದು, ಕಾಗದಪತ್ರದ ಓಡಾಟ ದೊಡ್ಡದು.

ಲ್ಯಾಪ್‌ಟಾಪ್‌ಗಳನ್ನು ಇಲ್ಲಿಯೇ ಸಿದ್ಧಮಾಡಿ, ಕದ್ದವರು ಓದಲು ಆಗದ ಹಾಗೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ವಿಮೆ ಮಾಡಿಸಿ ಕೊರಿಯರ್‌ನಲ್ಲಿ ಕಳಿಸಿದೆವು. ಗ್ರಾಹಕರ ನಿಜವಾದ ಡೇಟಾ ಯಾರ ಲ್ಯಾಪ್‌ಟಾಪಿಗೂ ಇಳಿಯಬಾರದು ಎಂಬುದು ಮೊದಲ ನಿಯಮ. ಒಬ್ಬ ವ್ಯಾಪಾರಿ ಯಾರಿಗೆ ಯಾವ ದರಕ್ಕೆ ಮಾರಿದ ಎಂಬುದು ಅವನ ಬದುಕಿನ ಗುಟ್ಟು. ಇ-ಇನ್‌ವಾಯ್ಸ್ ಪರೀಕ್ಷೆಗೆಂದೇ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಎನ್‌ಐಸಿ ಪ್ರತ್ಯೇಕ ಸ್ಯಾಂಡ್‌ಬಾಕ್ಸ್, ಅಂದರೆ ನಿಜವಾದ ಲೆಕ್ಕಕ್ಕೆ ತಾಗದ ಪರೀಕ್ಷೆಯ ಜಾಗ, ಕೊಟ್ಟಿದೆ. ಅದರಲ್ಲಿ ಕೃತಕ ಬಿಲ್ಲುಗಳನ್ನು ಹಾಕಿ ಕೆಲಸ ಮಾಡಿದೆವು.

ಈಗ ಲೆಕ್ಕಕ್ಕೆ ಬರುತ್ತೇನೆ. ದೂರದವರನ್ನು ತೆಗೆದುಕೊಂಡರೆ ಆಫೀಸಿನ ಖರ್ಚು ಉಳಿಯುತ್ತದೆ ಎನ್ನುವವರು ಜಾಸ್ತಿ. ಉಳಿಯುವುದು ಹೌದು. ನಮ್ಮ ಏರಿಯಾದಲ್ಲಿ ಒಂದು ಸೀಟಿಗೆ ಬಾಡಿಗೆ, ಕರೆಂಟು, ಕಾಫಿ ಎಲ್ಲ ಸೇರಿ ತಿಂಗಳಿಗೆ ಸುಮಾರು 8,000 ರೂಪಾಯಿ ಬೀಳುತ್ತಿತ್ತು. ಆದರೆ ಇನ್ನೊಂದು ಕಡೆ ನೋಡಿ. ನಮ್ಮ ಹಿರಿಯ ಡೆವಲಪರ್ ಸಂಬಳ ತಿಂಗಳಿಗೆ ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಹೊಸಬರೊಬ್ಬರ ಪ್ರಶ್ನೆಗೆ ಉತ್ತರ ಬರೆಯಲು, ಅವರು ಬರೆದ ಕೋಡ್ ಓದಿ ತಪ್ಪು ಹೇಳಲು (ಕೋಡ್ ರಿವ್ಯೂ), ಕರೆ ಮಾಡಿ ವಿವರಿಸಲು ದಿನಕ್ಕೆ ಒಂದು ಗಂಟೆ ಹೋದರೆ ಅದು ಅವರ ಎಂಟು ಗಂಟೆಯಲ್ಲಿ ಒಂದು ಪಾಲು. ಅಂದರೆ ತಿಂಗಳಿಗೆ 18,750 ರೂಪಾಯಿ. ಸೀಟಿನಲ್ಲಿ ಉಳಿದದ್ದರ ಎರಡು ಪಟ್ಟಿಗಿಂತಲೂ ಹೆಚ್ಚು. ಪಕ್ಕದಲ್ಲಿ ಕೂತವರಿಗೂ ಹೇಳಿಕೊಡಬೇಕು, ನಿಜ. ಆದರೆ ಪಕ್ಕದಲ್ಲಿ ಕೂತವರು ಅರ್ಧ ವಿಷಯ ಕೇಳಿಸಿಕೊಂಡೇ ಕಲಿಯುತ್ತಾರೆ. ಶಿರಸಿಗೆ ಆ ಮಾತು ಕೇಳಿಸುವುದಿಲ್ಲ.

ನಮ್ಮಲ್ಲಿ ಮೊದಲ ಮೂರು ತಿಂಗಳು ಹೀಗೇ ನಡೆಯಿತು. ಬರೀ ಬಾಡಿಗೆ ಉಳಿಸಲು ಹೊರಟವರು ಆ ಹೊತ್ತಿಗೆ ಸೋತು, 'ಇದೆಲ್ಲ ಆಗುವುದಲ್ಲ, ಎಲ್ಲರೂ ಆಫೀಸಿಗೆ ಬನ್ನಿ' ಅನ್ನುತ್ತಾರೆ. ನಾವು ಆ ಒಂದು ಗಂಟೆಯನ್ನು ಬೇರೆ ರೀತಿ ಬಳಸಿದೆವು. ಒಮ್ಮೆ ಕೊಟ್ಟ ಉತ್ತರವನ್ನು ಎರಡನೇ ಸಲ ಬಾಯಲ್ಲಿ ಹೇಳಬಾರದು, ಬರೆದಿಡಬೇಕು ಎಂದು ಕಟ್ಟುನಿಟ್ಟು ಮಾಡಿದೆವು. ಗಿಟ್‌ಲ್ಯಾಬ್ ಎಂಬ ಕಂಪನಿಗೆ ಆಫೀಸೇ ಇಲ್ಲ, ಎಲ್ಲರೂ ದೂರದಿಂದಲೇ ದುಡಿಯುತ್ತಾರೆ. ತಮ್ಮ ಒಳಗಿನ ಕ್ರಮಗಳ ಕೈಪಿಡಿಯನ್ನು ಅವರು ಎಲ್ಲರೂ ಓದುವಂತೆ ಇಟ್ಟಿದ್ದಾರೆ. ಅದರ ಗಾತ್ರ ನೋಡಿಯೇ ಬರವಣಿಗೆಗೆ ಅವರು ಎಷ್ಟು ಬೆಲೆ ಕೊಟ್ಟಿದ್ದಾರೆ ಎಂದು ತಿಳಿಯುತ್ತದೆ. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ಯಾವ ತೀರ್ಮಾನ ಯಾಕೆ ತೆಗೆದುಕೊಂಡೆವು ಎಂಬುದರ ಒಂದು ಪುಟ ಶುರುವಾಯಿತು. ಬೆಳಗಿನ ಮೀಟಿಂಗ್ ಬಿಟ್ಟು, ಸಂಜೆ ಕೆಲಸ ನಿಲ್ಲಿಸುವ ಮೊದಲು ಪ್ರತಿಯೊಬ್ಬರೂ ನಾಲ್ಕು ಸಾಲು ಬರೆಯುವ ರೂಢಿ ಮಾಡಿದೆವು. ಇವತ್ತು ಏನಾಯಿತು, ಎಲ್ಲಿ ನಿಂತಿದೆ, ನಾಳೆ ನಾನು ಇಲ್ಲದಿದ್ದರೆ ಮುಂದಿನವರು ಎಲ್ಲಿಂದ ಹಿಡಿಯಬೇಕು.

ಆ ನಾಲ್ಕು ಸಾಲಿನ ಬೆಲೆ ತಿಳಿದದ್ದು 2024ರ ಜುಲೈನಲ್ಲಿ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡ ಆ ಮಳೆಯ ವಾರ. ಉತ್ತರ ಕನ್ನಡದ ತುಂಬ ಮರ, ಕಂಬ ಬಿದ್ದಿದ್ದವು. ನಮ್ಮ ಶಿರಸಿಯ ಹುಡುಗನ ಮನೆಯಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಮೊಬೈಲ್ ಟವರ್ ಇಲ್ಲ. ನಮಗೆ ಮೊದಲು ಚಿಂತೆಯಾದದ್ದು ಅವರು ಹುಷಾರಾಗಿದ್ದಾರಾ ಎಂಬುದು. ಮಧ್ಯಾಹ್ನ ಪಕ್ಕದ ಊರಿನಿಂದ ಫೋನ್ ಮಾಡಿ, 'ಎಲ್ಲ ಆರಾಮ ಇದ್ದೇವೆ ಸರ್, ನೆಟ್ ಬರಲಿಕ್ಕೆ ಎರಡು ದಿನ ಆಗಬಹುದು' ಎಂದರು. ಅದೇ ದಿನ ಯಶವಂತಪುರದ ಗ್ರಾಹಕರೊಬ್ಬರ ದೊಡ್ಡ ಮೊತ್ತದ ಇ-ಇನ್‌ವಾಯ್ಸ್ ತಪ್ಪು ಹೆಸರಿಗೆ ಹೋಗಿತ್ತು. ಇಂಥದ್ದನ್ನು ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ರದ್ದು ಮಾಡಬೇಕು. ಅದು ದಾಟಿದರೆ ಆ ಬಿಲ್ಲಿನ ಮೊತ್ತ ಕಳೆಯಲು ಕ್ರೆಡಿಟ್ ನೋಟ್ ಹಾಕಬೇಕು, ಎರಡೂ ಕಡೆಯ ಲೆಕ್ಕದಲ್ಲಿ ಗೋಜಲು. ಅವತ್ತೇ ನಮ್ಮ ರದ್ದತಿ ಬಟನ್ ಕೆಲಸ ಮಾಡುತ್ತಿರಲಿಲ್ಲ. ಆ ಭಾಗವನ್ನು ಬರೆದಿದ್ದವರು ಶಿರಸಿಯವರೇ. ದಾವಣಗೆರೆಯವರು ಅವರ ಹಿಂದಿನ ಸಂಜೆಗಳ ಟಿಪ್ಪಣಿ ಓದಿ, ಯಾವ ಬದಲಾವಣೆಯಿಂದ ಹೀಗಾಯಿತು ಎಂದು ಹಿಡಿದರು. ರಾತ್ರಿ ಊಟದ ಹೊತ್ತಿಗೆ ಸರಿಯಾಯಿತು. ಆ ಗ್ರಾಹಕರು ಇವತ್ತಿಗೂ ನಮ್ಮ ಜೊತೆ ಇದ್ದಾರೆ.

ಆಮೇಲೆ ಊರಿನಲ್ಲಿ ಇರುವವರಿಗೆಲ್ಲ ದೊಡ್ಡ ಬ್ಯಾಟರಿಯ ಇನ್ವರ್ಟರ್ ಮತ್ತು ಎರಡನೇ ಇಂಟರ್‌ನೆಟ್ ಸಂಪರ್ಕದ ಖರ್ಚನ್ನು ಕಂಪನಿಯೇ ಕೊಡುತ್ತಿದೆ. ಆಫೀಸಿನಲ್ಲಿ ಜನರೇಟರ್ ಖರ್ಚು ನೌಕರರ ತಲೆಗೆ ಹಾಕುತ್ತೇವಾ? ಇಲ್ಲ ಅಲ್ವಾ. ಇದೂ ಹಾಗೇ.

ನಾವು ಲೆಕ್ಕಕ್ಕೇ ಹಿಡಿಯದ ಲಾಭ ಒಂದು ಬಂತು. ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ವ್ಯಾಪಾರಿಗಳು ನಮ್ಮ ಸಾಫ್ಟ್‌ವೇರ್ ನೋಡಿ ಇಷ್ಟಪಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. ಯಾಕೆ ಎಂದು ನಮಗೆ ಬೆಂಗಳೂರಿನಲ್ಲಿ ಕೂತು ತಿಳಿಯುತ್ತಿರಲಿಲ್ಲ. ಆ ಹುಡುಗ ಅಡಿಕೆ ತೋಟದ ಮನೆಯವರು. ಮೊದಲ ತಿಂಗಳಲ್ಲೇ ಹೇಳಿದರು: 'ಸರ್, ಇಲ್ಲಿ ಅಡಿಕೆ ಅಂತ ಒಂದೇ ಐಟಂ ಹಾಕಿದರೆ ಆಗುವುದಿಲ್ಲ. ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬೇರೆ. ಒಬ್ಬರೇ ತಂದ ಚಾಲಿಯಲ್ಲೂ ಚೀಲದಿಂದ ಚೀಲಕ್ಕೆ ದರ ಬೇರೆ. ಚೀಲದ ತೂಕ ಕಳೆದು ಕ್ವಿಂಟಲ್ ಲೆಕ್ಕ ಹಾಕಬೇಕು.' ತೆರಿಗೆ ಎಲ್ಲದಕ್ಕೂ ಶೇ. 5, ಹಾಗಾಗಿ ನಮಗೆ ಎಲ್ಲ ಒಂದೇ ಅಂತ ಕಂಡಿತ್ತು. ಅವರು ಲಾಟ್ ಪ್ರಕಾರ ತೂಕ ಮತ್ತು ದರ ಹಾಕುವ ಸ್ಕ್ರೀನ್ ಬರೆದರು. ಸ್ವತಃ ಮಂಡಿಗೆ ಹೋಗಿ ಗುಮಾಸ್ತರ ಪಕ್ಕ ನಿಂತು ನೋಡಿ ತಿದ್ದಿದರು. ದಾವಣಗೆರೆಯವರು ಅಲ್ಲಿಯ ಬಟ್ಟೆ ಸಗಟು ಅಂಗಡಿಗಳಿಗೆ ಹೀಗೇ ಹೋಗಿಬರುತ್ತಾರೆ. ಗ್ರಾಹಕರ ಊರಿನಲ್ಲೇ ನಮ್ಮ ಡೆವಲಪರ್ ಇರುವುದು ಯಾವ ಸಂಬಳ ಕೊಟ್ಟರೂ ಬೆಂಗಳೂರಿನಲ್ಲಿ ಸಿಗುವ ವಸ್ತುವಲ್ಲ.

ಸಂಬಳದ ಮಾತು ಬಂತು, ಹೇಳಿಬಿಡುತ್ತೇನೆ. ಊರಿನಲ್ಲಿ ಇರುವವರಿಗೆ ಖರ್ಚು ಕಡಿಮೆ, ಸಂಬಳವನ್ನೂ ಕಡಿಮೆ ಕೊಡಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಗಿಟ್‌ಲ್ಯಾಬ್ ಕೂಡ ಸಂಬಳ ಲೆಕ್ಕ ಹಾಕುವಾಗ ಊರನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ನಾವು ಹಾಗೆ ಮಾಡಲಿಲ್ಲ. ಒಂದೇ ಕೆಲಸಕ್ಕೆ ಒಂದೇ ಸಂಬಳ. ಇದರಲ್ಲಿ ನ್ಯಾಯವೂ ಇದೆ, ವ್ಯವಹಾರವೂ ಇದೆ. ಶಿರಸಿಯಲ್ಲಿ ಕೂತವರಿಗೆ ಮುಂದಿನ ಆಫರ್ ಶಿರಸಿಯಿಂದ ಬರುವುದಿಲ್ಲ. ಪುಣೆಯಿಂದ, ಬರ್ಲಿನ್‌ನಿಂದ ಬರುತ್ತದೆ. ಕಡಿಮೆ ಕೊಟ್ಟು ಉಳಿಸಿದ್ದನ್ನು ಅವರು ಬಿಟ್ಟು ಹೋದ ದಿನ ಒಟ್ಟಿಗೇ ಕಳೆದುಕೊಳ್ಳುತ್ತೇವೆ. ಕನ್ಸಲ್ಟೆನ್ಸಿಗೆ ಒಂದು ತಿಂಗಳ ಸಂಬಳ, ಹೊಸಬರಿಗಾಗಿ ತಿಂಗಳುಗಟ್ಟಲೆ ಕಾಯುವುದು, ಆಮೇಲೆ ಮತ್ತೆ ಮೂರು ತಿಂಗಳು ಆ ದಿನಕ್ಕೊಂದು ಗಂಟೆ. ದೂರದ ನೇಮಕದಲ್ಲಿ ನಮಗೆ ಹಣ ಉಳಿದದ್ದು ಇಲ್ಲೇ. ಒಬ್ಬರನ್ನು ಬಿಟ್ಟರೆ ಯಾರೂ ಕೆಲಸ ಬಿಟ್ಟು ಹೋಗಲಿಲ್ಲ. ಮೊದಲ ವರ್ಷದ ಲೆಕ್ಕ ಹಾಕಿದಾಗ ಆಫೀಸಿನವರಿಗೂ ಇವರಿಗೂ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡನೇ ವರ್ಷದಿಂದ ಕಂಡಿತು.

ಒಂದೇ ಹೊತ್ತಿನಲ್ಲಿ ಎರಡು ಕಂಪನಿಗೆ ದುಡಿಯುತ್ತಾರೆ ಎಂಬ ಭಯವೂ ಎಲ್ಲರಿಗೂ ಇದೆ. 2022ರಲ್ಲಿ ವಿಪ್ರೋ ಈ ಕಾರಣಕ್ಕೆ 300 ಮಂದಿಯನ್ನು ತೆಗೆದ ಸುದ್ದಿ ದೊಡ್ಡದಾಗಿತ್ತು. ಕೆಲವು ಕಡೆ ನಿಮಿಷಕ್ಕೊಮ್ಮೆ ಸ್ಕ್ರೀನಿನ ಫೋಟೋ ತೆಗೆಯುವ ಸಾಫ್ಟ್‌ವೇರ್ ಹಾಕುತ್ತಾರೆ. ನಮಗೆ ಅದು ಬೇಡ ಅನ್ನಿಸಿತು. ಒಪ್ಪಂದದಲ್ಲಿ ಬೇರೆ ಕೆಲಸ ಮಾಡುವುದಿದ್ದರೆ ಮೊದಲು ತಿಳಿಸಿ ಎಂದು ಬರೆದಿದ್ದೇವೆ. ವಾರದ ಕೊನೆಗೆ ಏನು ಮುಗಿಯಿತು ಎಂದು ನೋಡುತ್ತೇವೆ. ಮಧ್ಯಾಹ್ನ ಮೂರಕ್ಕೆ ಯಾರು ಕುರ್ಚಿಯಲ್ಲಿ ಇದ್ದಾರೆ ಎಂಬುದು ನಮಗೆ ಬೇಕಿಲ್ಲ. ಅಡಿಕೆ ಗೊನೆ ಕೊಯ್ಯುವ ಕೊನೆಕೊಯ್ಲಿನ ದಿನಗಳಲ್ಲಿ ಶಿರಸಿಯವರು ರಜೆ ಹಾಕುತ್ತಾರೆ, ದೀಪಾವಳಿಯಲ್ಲಿ ಸಪೋರ್ಟ್ ನೋಡಿಕೊಳ್ಳುತ್ತಾರೆ. ಬೆಂಗಳೂರಿನವರಿಗೆ ಅದು ತುಂಬ ಅನುಕೂಲ.

ದಾವಣಗೆರೆಯವರಿಗೆ ಎರಡನೇ ಮಗು ಆಯಿತು. ಹೆರಿಗೆ ರಜೆ 26 ವಾರ, ಪೂರ್ತಿ ಸಂಬಳದ ಜೊತೆ. ಸಣ್ಣ ಕಂಪನಿಗೆ ಅದು ಭಾರ, ಸುಳ್ಳು ಹೇಳುವುದಿಲ್ಲ. ಆದರೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪಿದರೆ ಮನೆಯಿಂದ ದುಡಿಯಲು ಕಂಪನಿ ಮತ್ತು ನೌಕರರು ಮಾತಾಡಿಕೊಳ್ಳಬಹುದು ಎಂಬ ಅವಕಾಶ ಬಂದಿತ್ತು. ನಮಗೆ ಹೊಸದಾಗಿ ಮಾತಾಡಿಕೊಳ್ಳುವುದೇ ಇರಲಿಲ್ಲ, ಅವರು ಮೊದಲಿನಿಂದಲೂ ಮನೆಯಿಂದಲೇ. ವಾಪಸ್ ಬಂದ ವಾರವೇ ಅವರ ಕೈ ಕೆಲಸಕ್ಕೆ ಹತ್ತಿತು. ಮೊದಲ ಮಗುವಾದಾಗ ಬೆಂಗಳೂರಿನ ಕೆಲಸ ಬಿಡಲೇಬೇಕಾಯಿತು ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದರು. ಎಂಥ ಕೆಲಸಗಾರರನ್ನು ಆ ಊರು ಕಳೆದುಕೊಂಡಿತ್ತು ಅಂತ ನನಗೆ ಈಗಲೂ ಬೇಸರವಾಗುತ್ತದೆ.

ಎಲ್ಲರಿಗೂ ಇದು ಹಿಡಿಸಿತು ಎಂದಲ್ಲ. ಕೊಯಮತ್ತೂರಿನವರು ವರ್ಷ ತುಂಬುವ ಮೊದಲು ಬಿಟ್ಟರು. ಸಂಬಳದ ತಕರಾರು ಇರಲಿಲ್ಲ. ಒಬ್ಬನೇ ಕೋಣೆಯಲ್ಲಿ ಕೂತು ಕೆಲಸ ಮಾಡಿ ಸಾಕಾಗಿದೆ, ನಾಲ್ಕು ಜನರ ಮುಖ ನೋಡಬೇಕು ಎಂದರು. ಅದಾದ ಮೇಲೆ ಮೂರು ತಿಂಗಳಿಗೊಮ್ಮೆ ಎಲ್ಲರನ್ನೂ ಒಂದು ಕಡೆ ಸೇರಿಸುತ್ತೇವೆ. ರೈಲು, ಬಸ್ಸು, ಹೋಟೆಲ್ ಖರ್ಚು ಸೇರಿಸಿದರೆ ಆ ಉಳಿದ ಸೀಟಿನ ಬಾಡಿಗೆಯಲ್ಲಿ ದೊಡ್ಡ ಪಾಲು ಇಲ್ಲಿ ಹೋಗುತ್ತದೆ. ಹೋಗಲಿ. ಒಟ್ಟಿಗೆ ಊಟ ಮಾಡಿದವರು ಮರುವಾರ ಕೋಡ್ ರಿವ್ಯೂನಲ್ಲಿ ಒಬ್ಬರ ಮಾತನ್ನೊಬ್ಬರು ತಪ್ಪು ತಿಳಿಯುವುದು ಕಡಿಮೆ.

ಬಗೆಹರಿಯದ ಒಂದು ವಿಷಯ ಇದೆ. ಕಾಲೇಜಿನಿಂದ ಆಗ ತಾನೇ ಬಂದವರನ್ನು ದೂರದಿಂದ ತಯಾರು ಮಾಡುವುದು ನಮಗೆ ಆಗಿಲ್ಲ. ಅವರಿಗೆ ಏನು ಕೇಳಬೇಕು ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಕೇಳಲು ಸಂಕೋಚ. ಸ್ಕ್ರೀನಿನ ಆಚೆ ಇಡೀ ಮಧ್ಯಾಹ್ನ ಒಂದು ಸಣ್ಣ ತಪ್ಪಿಗೆ ತಲೆಕೆಡಿಸಿಕೊಂಡು ಕೂತಿರುತ್ತಾರೆ, ನಮಗೆ ತಿಳಿಯುವುದೇ ಇಲ್ಲ. ಈ ವರ್ಷ ಹೊಸಬರಿಗೆ ಮೊದಲ ಆರು ತಿಂಗಳು ಬೆಂಗಳೂರಿನ ಆಫೀಸಿನಲ್ಲೇ ಕೆಲಸ, ಪಿಜಿ ಬಾಡಿಗೆ ಕಂಪನಿಯದು, ಆಮೇಲೆ ಊರಿಗೆ ಹೋಗುವುದು ಅವರ ಇಷ್ಟ ಎಂದು ಇಟ್ಟಿದ್ದೇವೆ. ಪಕ್ಕದ ಕುರ್ಚಿಯಲ್ಲಿ ಕೂತು ಅವರಿಗೆ ಕಲಿಸುವ ಕೆಲಸವನ್ನು ಶಿರಸಿಯವರು ತಾವೇ ಕೇಳಿ ಪಡೆದಿದ್ದಾರೆ. ಮಳೆಗಾಲ ಮುಗಿದ ಮೇಲೆ ಎರಡು ವಾರ ಬಂದು ಇರುತ್ತಾರಂತೆ, ಆಮೇಲೆ ಕೊನೆಕೊಯ್ಲು ಶುರುವಾಗುತ್ತದೆ.